ಜೀತವೆಂಬ ಕರಾರು

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತು. ಸಾಲಕ್ಕೆ ದುಡಿಮೆಯನ್ನೇ ಒತ್ತೆಯಿಡುವ ಒಪ್ಪಂದಕ್ಕೆ ಆ ರಾಜ್ಯದ ತೆಲಂಗಾಣ ಭಾಗದಲ್ಲಿ ‘ಭಗೇಲಾ’ ಎಂದೂ, ಕನ್ನಡದಲ್ಲಿ ‘ಜೀತ’ವೆಂದೂ ಹೆಸರು. (ತೆಲುಗಿನಲ್ಲಿ ಜೀತವೆಂದರೆ ಇಂದಿಗೂ ಸಂಬಳವೇ.) ನಿಜಾಮ ಸರ್ಕಾರವು ಭಗೇಲಾ ಕರಾರುಗಳನ್ನು ಕಾನೂನಿನಿಂದ ನಿಯಂತ್ರಿಸಲೆಳಸಿತೇ ಹೊರತು ಪದ್ಧತಿಯನ್ನು ಅಳಿಸಲಿಲ್ಲ. ಬಾಯಿಮಾತಿನ ಕರಾರಿನಲ್ಲಿ ಲೆಕ್ಕವು ಧಣಿಯ ಬಳಿಯೇ ಉಳಿಯುತ್ತಿದ್ದಿತು. ಆಳಿನ ಕೈಯಲ್ಲಿ ಪುರಾವೆಯಿರಲಿಲ್ಲ.

1976ರ ಜೀತಪದ್ಧತಿ ರದ್ದತಿ ಅಧಿನಿಯಮವು ಈ ಎರಡು ಹೆಸರುಗಳನ್ನೂ ಉಲ್ಲೇಖಿಸಿ, ಅಂತಹ ಕರಾರುಗಳನ್ನು ಶೂನ್ಯಗೊಳಿಸಿತು, ಸಾಲಗಳನ್ನೂ ತೊಡೆದುಹಾಕಿತು. ನಮ್ಮ ಅಭಿಪ್ರಾಯದಲ್ಲಿ ಅದರ 15ನೆಯ ಪ್ರಕರಣವೇ ಮಹತ್ವದ್ದು: ಆಳಾಗಲಿ ಜಾಗೃತಿ ಸಮಿತಿಯಾಗಲಿ ಜೀತದ ಸಾಲವೆಂದು ಹೇಳಿದರೆ, ಅಲ್ಲವೆಂದು ಸಿದ್ಧಪಡಿಸುವ ಹೊಣೆ ಸಾಲ ಕೊಟ್ಟವನದು. ಲಿಂಗಸುಗೂರಿನಂತಹ ಉಪವಿಭಾಗಗಳಲ್ಲಿಯೂ ಸಮಿತಿಯಿರತಕ್ಕದ್ದೆಂದು ವಿಧಿಸಲಾಯಿತು. ಆದರೆ ಸಮಿತಿ ಸುಮ್ಮನಿದ್ದಲ್ಲಿ ಆ ಮಾತನ್ನೆತ್ತಬೇಕಾದವನು, ಮರುದಿನ ಅದೇ ಧಣಿಯ ಹೊಲದಲ್ಲಿ ಕೂಲಿಗೆ ನಿಲ್ಲಬೇಕಾದ ಆಳೇ.