ಕೈದೀಪ ಮತ್ತು ಎಣ್ಣೆಬುಡ್ಡಿ: ದೀವಟಿಗೆಯಿಂದ ಕೀಲಿಕೈ ದೀಪದವರೆಗೆ

೧

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡವು ಮಾಲತೇಶಸ್ವಾಮಿಯ ಕ್ಷೇತ್ರವೆಂದು ಕನ್ನಡನಾಡಿನಲ್ಲಿ ಪ್ರಸಿದ್ಧವಾದುದು. ೧೮೮೪ರಲ್ಲಿ ಪ್ರಕಟವಾದ ಮುಂಬಯಿ ಗ್ಯಾಸೆಟಿಯರಿನ ಧಾರವಾಡ ಸಂಪುಟದಲ್ಲಿ ಈ ಊರು ಗುಡ್ಡಗುಡ್ಡಾಪುರವೆಂಬ ಹೆಸರಿನಿಂದ ಬಂದಿದೆ. ೧೯೯೭ರಿಂದ ಇದು ಹಾವೇರಿ ಜಿಲ್ಲೆಗೆ ಸೇರಿದೆ. ಬ್ಯಾಡಗಿ ರಾಣೆಬೆನ್ನೂರುಗಳ ನಡುವೆ ಇದೇ ಹೆಸರಿನ ರೈಲು ನಿಲ್ದಾಣವೂ ಉಂಟು. ಮಹಾನವಮಿಯ ಕಾಲದಲ್ಲಿ ಗೊರವಯ್ಯನು ಬಿಲ್ಲನ್ನೇರಿ, ನೆರೆದ ಜನಸ್ತೋಮವನ್ನು ಮೌನಗೊಳಿಸಿ, ಬರಲಿರುವ ಕಾಲದ ಮಳೆಬೆಳೆಗಳ ಫಲವನ್ನು ಒಂದೇ ಮಾತಿನಲ್ಲಿ ನುಡಿಯುವ ಕಾರಣಿಕೋತ್ಸವವನ್ನು ವಾಚಕರು ಬಲ್ಲರು. ಕಾರಣಿಕದ ನುಡಿಯನ್ನೂ, ಗೊರವರ ಕಂಬಳಿ, ಡಮರುಗ, ಭಂಡಾರದ ಚೀಲ, ದೋಣಿಗಳನ್ನೂ ಕುರಿತು ವಿದ್ವಾಂಸರು ಬರೆದಿರುವರು. ಆದರೆ ಇಂತಹ ಯಾತ್ರೆಗೆ ಚಕ್ಕಡಿ ಕಟ್ಟಿಕೊಂಡು ರಾತ್ರಿಯ ದಾರಿ ಹಿಡಿಯುವವನ ಕೈಯಲ್ಲಿ ಯಾವ ಬೆಳಕಿತ್ತು, ಅದು ಎಷ್ಟು ಹೊತ್ತು ಬಾಳುತ್ತಿತ್ತು, ಮುಗಿದರೆ ಎಲ್ಲಿ ದೊರೆಯುತ್ತಿತ್ತು ಎಂಬ ಪ್ರಶ್ನೆಗಳು ನಮ್ಮ ಚರ್ಚೆಗಳಲ್ಲಿ ಅಪರೂಪ.

ಈ ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೂ ದೀಪದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಜ್ವಾಲೆಯನ್ನು ನೋಡಿ, ಜ್ವಾಲೆಗೆ ಆಧಾರವಾದ ಸಂಗ್ರಹವನ್ನು ಮರೆಯುತ್ತಿರುವುದರಿಂದ ಇದನ್ನು ವಿವೇಚಿಸುವುದು ಅವಶ್ಯವಾಗಿದೆ. ನೆಟ್ಟ ದೀಪಕ್ಕೆ ಎಣ್ಣೆಯನ್ನು ಬೇರೊಬ್ಬರು ತಂದು ಹೊಯ್ಯಬಹುದು. ನಡೆಯುವವನ ದೀಪಕ್ಕಾದರೋ ಎಣ್ಣೆಯನ್ನು ಅವನೇ ಹೊರಬೇಕು. ಆದುದರಿಂದ ಕೈದೀಪವನ್ನು ಆರಿಸುವುದೆಂದರೆ ನಿಜವಾಗಿ ಅದರ ಬುಡ್ಡಿಯನ್ನು ಆರಿಸುವುದೇ ಆಗಿದೆ. ದೀವಟಿಗೆಯ ಕಾಲದಿಂದ ಇಂದಿನ ಕೀಲಿಕೈ ಗೊಂಚಲಿನ ಪುಟ್ಟ ವಿದ್ಯುದ್ದೀಪದವರೆಗೆ ಈ ನಿಯಮ ಬದಲಾಗಿಲ್ಲವೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸಲಾಗಿದೆ.

೨

ಮೊದಲು ಹೆಸರುಗಳನ್ನು ನೋಡೋಣ. ದೀವಿಗೆ ಎಂಬುದು ಸಂಸ್ಕೃತದ ದೀಪಿಕಾ ಶಬ್ದದ ತದ್ಭವ. ದೀವಟಿಗೆಯನ್ನು ದೀಪವರ್ತಿಕಾ ಶಬ್ದಕ್ಕೆ ಸಂಬಂಧಿಸುವರು. ಇವೆರಡೂ ಉರಿಯನ್ನು ಅಥವಾ ಬತ್ತಿಯನ್ನು ಹಿಡಿದು ಬಂದ ಹೆಸರುಗಳು. ಆದರೆ ವ್ಯವಹಾರಕ್ಕೆ ಬಂದೊಡನೆ ಜನರ ದೃಷ್ಟಿ ಎಣ್ಣೆಯ ಕಡೆಗೆ ತಿರುಗುವುದು. ನಮ್ಮ ಶಾಸನಗಳಲ್ಲಿ ನಂದಾದೀವಿಗೆಗೆ ಬಿಟ್ಟ ದತ್ತಿಗಳನ್ನು ಓದಿದರೆ ಇದು ಸ್ಪಷ್ಟವಾಗುವುದು. ದಾನಿಯು ಬಿಡುವುದು ಬೆಳಕನ್ನಲ್ಲ, ಸೊಡರೆಣ್ಣೆಯನ್ನು. ಗಾಣಕ್ಕೆ ಇಂತಿಷ್ಟು ಎಣ್ಣೆ, ಇಲ್ಲವೆ ಇಂತಿಷ್ಟು ಹೊನ್ನಿನ ಬಡ್ಡಿಯಿಂದ ಕೊಳ್ಳತಕ್ಕ ಎಣ್ಣೆ ಎಂದು ಸೊಲ್ಲಗೆ ಮಾನಗಳ ಲೆಕ್ಕದಲ್ಲಿ ಕಲ್ಲಿನ ಮೇಲೆ ಬರೆಯಿಸುವರು. ದೀಪವು ನಂದದಿರಬೇಕಾದರೆ ಅಳತೆಯು ತಪ್ಪದಿರಬೇಕೆಂಬ ತಿಳಿವಳಿಕೆ ಅಲ್ಲಿದೆ.

ಕೈಯಲ್ಲಿ ಹಿಡಿಯುವ ದೀಪದಲ್ಲಿ ಇದೇ ವಿಷಯ ಇನ್ನೂ ತೆರೆದು ಕಾಣುವುದು. ದೇವರಗುಡ್ಡದ ಮಾಲತೇಶನು, ಹೂವಿನಹಡಗಲಿ ತಾಲೂಕಿನ ಮೈಲಾರದ ಮೈಲಾರಲಿಂಗನು, ಮಹಾರಾಷ್ಟ್ರದ ಜೇಜುರಿಯ ಖಂಡೋಬನು ಒಂದೇ ದೈವದ ರೂಪಗಳೆಂಬುದು ವಿದಿತವೇ ಇದೆ. ಖಂಡೋಬನ ಒಕ್ಕಲಿನ ಮರಾಠಿ ಮನೆಗಳಲ್ಲಿ 'ದಿವಟೀ-ಬುಧಲೀ' ಎಂಬ ಜೋಡಿ ವಸ್ತುಗಳಿಗೆ ಪೂಜೆ ಸಲ್ಲುವುದು. ದಿವಟೀ ಎಂದರೆ ನಮ್ಮ ದೀವಟಿಗೆ. ಬುಧಲೀ ಎಂದರೆ ಅದಕ್ಕೆ ಎಣ್ಣೆ ಹೊಯ್ಯುವ ಕಿರುಪಾತ್ರೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವ ಪದ್ಧತಿಯಿಲ್ಲ. ದೀವಟಿಗೆಯ ತುದಿಗೆ ಸುತ್ತಿದ ಬಟ್ಟೆಯು ಕುಡಿದಿಟ್ಟುಕೊಂಡ ಎಣ್ಣೆ ಅಲ್ಪಕಾಲಕ್ಕೆ ಮಾತ್ರ ಸಾಲುವುದರಿಂದ, ಬುಧಲಿಯಿಲ್ಲದ ದಿವಟಿಯು ದಾರಿಯ ನಡುವೆಯೇ ಆರಿಹೋಗುವುದು. ಈ ಜೋಡಿಯನ್ನು ದೇವರ ಸನ್ನಿಧಿಯಲ್ಲಿಟ್ಟ ಭಕ್ತರು ಕೈದೀಪದ ಮರ್ಮವನ್ನು ಚೆನ್ನಾಗಿ ಅರಿತಿದ್ದರೆನ್ನಬೇಕು. ೧೮೮೬ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಎಂಬ ಪ್ರಸಿದ್ಧ ಶಬ್ದಕೋಶದಲ್ಲಿ ಮಶಾಲು ಹಿಡಿಯುವ ಮಶಾಲ್ಚಿಯ ಹೆಸರು ಬಂದಿದೆ. ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ಎಣ್ಣೆಯ ಪಾತ್ರೆ, ಇದೇ ಆ ಸೇವಕನ ಚಿತ್ರ.

ಸೀಮೆಎಣ್ಣೆ ಬಂದ ಮೇಲೆ ಗಾಜಿನ ಅಥವಾ ತಗಡಿನ ಚಿಕ್ಕ ದೀಪವನ್ನು ನಮ್ಮ ಜನರು ಬುಡ್ಡಿ ಎಂದೇ ಕರೆದರು. ಉರಿಯುವುದು ಬತ್ತಿಯಾದರೂ ಹೆಸರು ಬಂದುದು ಎಣ್ಣೆಯ ಪಾತ್ರೆಯಿಂದ. ಮುಂದೆ ವಿದ್ಯುತ್ತಿನ ಕೈದೀಪವು ಬಂದಾಗ ಇದೇ ರೂಢಿ ಮತ್ತೊಮ್ಮೆ ತಲೆದೋರಿತು. ಇಂಗ್ಲಿಷರು ಆ ವಸ್ತುವಿಗೆ ಟಾರ್ಚ್ ಎಂದರು. ಅದು ಅವರ ಹಳೆಯ ಪಂಜಿನ ಹೆಸರು. ಅಮೆರಿಕದವರು ಫ್ಲ್ಯಾಶ್‌ಲೈಟ್ ಎಂದರು. ಅದು ಕ್ಷಣಮಾತ್ರ ಮಿಂಚುವ ಬೆಳಕಿನ ಹೆಸರು. ನಮ್ಮ ಹಳ್ಳಿಗರಾದರೋ ಅದನ್ನು ಬ್ಯಾಟರಿ ಎಂದರು. ಒಳಗಿನ ಕೋಶಕ್ಕೆ ಶೆಲ್ಲು ಎಂದರು. ಎರಡು ಶೆಲ್ಲಿನ ಬ್ಯಾಟರಿ, ಮೂರು ಶೆಲ್ಲಿನ ಬ್ಯಾಟರಿ ಎಂದು ದೀಪದ ತರಗತಿಗಳನ್ನು ಗುರುತಿಸಿದರು. ಇದನ್ನು ಅಜ್ಞಾನದಿಂದಾದ ತಪ್ಪು ಪ್ರಯೋಗವೆಂದು ನಗುವವರುಂಟು. ಬುಡ್ಡಿಯ ಉದಾಹರಣೆಯನ್ನು ಪಕ್ಕದಲ್ಲಿಟ್ಟು ನೋಡಿದರೆ, ಸಂಗ್ರಹದಿಂದ ದೀಪವನ್ನು ಹೆಸರಿಸುವ ನಮ್ಮ ಹಳೆಯ ರೂಢಿಯೇ ಇಲ್ಲಿ ಮುಂದುವರಿದಿದೆಯೆಂದು ತಿಳಿಯುವುದು.

೩

ಈ ಹೊಸ ಎಣ್ಣೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಫ್ರಾನ್ಸಿನ ಲೆಕ್ಲಾಂಶೆಯು ೧೮೬೬ರಲ್ಲಿ ಸತು, ಮ್ಯಾಂಗನೀಸ್ ಡೈಆಕ್ಸೈಡು, ನವಸಾಗರದ ದ್ರಾವಣಗಳಿಂದ ವಿದ್ಯುತ್ಕೋಶವನ್ನು ರಚಿಸಿದನು. ಅದರಲ್ಲಿ ದ್ರವವಿದ್ದುದರಿಂದ ಹೊತ್ತುಕೊಂಡು ನಡೆಯುವುದಕ್ಕೆ ಅನುಕೂಲವಿರಲಿಲ್ಲ. ಜರ್ಮನಿಯ ಗಾಸ್ನರನು ೧೮೮೬ರಲ್ಲಿ ಚೆಲ್ಲದ ಒಣಕೋಶಕ್ಕೆ ಹಕ್ಕುಪತ್ರ ಪಡೆದನು. ಬಾಯಿ ಮುಚ್ಚಿದ ಬುಡ್ಡಿ ಹುಟ್ಟಿದುದು ಹೀಗೆ. ೧೮೯೯ರ ಜನವರಿ ೧೦ರಂದು ಅಮೆರಿಕದಲ್ಲಿ ಡೇವಿಡ್ ಮಿಸೆಲನ ಕೊಳವೆಯಾಕಾರದ ಕೈದೀಪಕ್ಕೆ ಹಕ್ಕುಪತ್ರ ದೊರೆಯಿತು. ಅದನ್ನು ತಯಾರಿಸಿ ಮಾರಿದ ಕಾನ್ರಾಡ್ ಹ್ಯೂಬರ್ಟನ ಸಂಸ್ಥೆಯೇ ಮುಂದೆ ಎವರೆಡಿ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಆಗಿನ ಕೋಶಗಳು ದುರ್ಬಲವಾಗಿದ್ದುವು. ದೀಪವನ್ನು ಬಹುಕಾಲ ಉರಿಸಲು ಸಾಧ್ಯವಾಗದೆ, ಕ್ಷಣಕಾಲ ಒತ್ತಿ ಬಿಡುವುದೇ ರೂಢಿಯಾಗಿತ್ತು. ಫ್ಲ್ಯಾಶ್ ಎಂಬ ಹೆಸರಿಗೆ ಇದೇ ಕಾರಣ. ಆ ಹೆಸರಿನೊಳಗೂ ಬುಡ್ಡಿಯ ಬಡತನವೇ ಅಡಗಿದೆ.

ನಮ್ಮ ದೇಶದಲ್ಲಿ ಎವರೆಡಿ ಕಂಪನಿಯು ೧೯೩೪ರಲ್ಲಿ ಭಾರತೀಯ ಸಂಸ್ಥೆಯಾಗಿ ನೋಂದಾಯಿತವಾಯಿತು. ಕನ್ನಡನಾಡಿನಲ್ಲಿ ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೂ ಮುಟ್ಟಿತೆಂಬುದು ಚರಿತ್ರೆಯ ಪುಸ್ತಕಗಳಲ್ಲಿ ಹೆಮ್ಮೆಯಿಂದ ದಾಖಲಾಗಿದೆ. ಆದರೆ ತಂತಿಯ ಬೆಳಕು ಕಂಬದ ಬುಡದಲ್ಲಿಯೇ ನಿಲ್ಲುವುದು. ಹೊಲದ ಬದುವಿನ ಮೇಲೆ, ಗುಡ್ಡದ ಮೆಟ್ಟಿಲ ಮೇಲೆ, ಹಾವು ಚೇಳುಗಳಿರುವ ಹಾದಿಯಲ್ಲಿ ರೈತನೊಡನೆ ನಡೆದುಬಂದ ವಿದ್ಯುತ್ತು ಶೆಲ್ಲಿನೊಳಗಿನದು. ನಾಡಿನ ವಿದ್ಯುದೀಕರಣದ ಚರಿತ್ರೆಯಲ್ಲಿ ಇದಕ್ಕೊಂದು ಅಧ್ಯಾಯವು ಸಲ್ಲತಕ್ಕದ್ದು.

ಮುಂದಿನ ಎರಡು ಬದಲಾವಣೆಗಳು ಕೈದೀಪವನ್ನು ಕಿರಿದುಮಾಡಿದುವು. ಜಪಾನಿನಲ್ಲಿ ೧೯೯೧ರಲ್ಲಿ ಲಿಥಿಯಮ್-ಅಯಾನು ಕೋಶವು ಮಾರಾಟಕ್ಕೆ ಬಂದಿತು. ೧೯೯೦ರ ದಶಕದಲ್ಲಿಯೇ ನೀಲಿ ಬೆಳಕಿನ ಡಯೋಡೂ ಅದರಿಂದ ಬಿಳಿಯ ಡಯೋಡೂ ಸಿದ್ಧವಾದುವು. ನೀಲಿ ಡಯೋಡಿಗಾಗಿ ಅಕಸಾಕಿ, ಅಮಾನೊ, ನಕಾಮುರ ಈ ಮೂವರಿಗೆ ೨೦೧೪ರಲ್ಲಿ ನೊಬೆಲ್ ಪಾರಿತೋಷಿಕ ಸಂದಿತು. ಹಳೆಯ ತಂತುದೀಪಕ್ಕಿಂತ ಬಹಳ ಕಡಮೆ ವಿದ್ಯುತ್ತಿನಲ್ಲಿ ಬೆಳಗುವ ಈ ಡಯೋಡಿನ ದೆಸೆಯಿಂದ, ತೋಳುದ್ದದ ಬ್ಯಾಟರಿ ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಬೆರಳುದ್ದದ ದೀಪವು ಮಾಡತೊಡಗಿತು. ಅದು ಕೀಲಿಕೈ ಗೊಂಚಲಿಗೆ ನೇತುಬಿದ್ದು ಜಾತ್ರೆಯ ಅಂಗಡಿಗಳವರೆಗೂ ಬಂದಿದೆ.

೪

ಇಲ್ಲಿ ಕೊಳ್ಳುವವನು ಮೋಸಹೋಗುವ ಸಂಭವವುಂಟು. ಅವನು ಗುಂಡಿಯನ್ನೊತ್ತಿ, ಎಷ್ಟು ಪ್ರಕಾಶವೆಂದು ನೋಡಿ ಕೊಳ್ಳುವನು. ಒಳಗಿರುವ ಶೆಲ್ಲು ಯಾವುದೆಂದು ಕೇಳುವುದಿಲ್ಲ. ಶಾಸನದ ಸೊಲ್ಲಗೆ ಕೊಳಗಗಳನ್ನು ಓದಬಲ್ಲ ವಿದ್ವಾಂಸರಿಗೆ ಶೆಲ್ಲಿನ ಮೇಲಿನ ಬರಹ ಕಠಿನವಾಗಲಾರದು. ಸಿ.ಆರ್. ೨೦೩೨ ಎಂಬುದರಲ್ಲಿ ಮೊದಲ ಅಕ್ಷರ ಲಿಥಿಯಮಿನ ಜಾತಿಯನ್ನೂ, ಎರಡನೆಯದು ದುಂಡಾಕಾರವನ್ನೂ ಹೇಳುವುವು; ೨೦ ಎಂದರೆ ಅಡ್ಡಳತೆ ೨೦ ಮಿಲಿಮೀಟರು, ೩೨ ಎಂದರೆ ದಪ್ಪ ೩.೨ ಮಿಲಿಮೀಟರು. ೧೦೪೪೦ ಎಂಬ ಲಿಥಿಯಮ್-ಅಯಾನು ಕೋಶವು ೧೦ ಮಿಲಿಮೀಟರು ಅಡ್ಡಳತೆ, ೪೪ ಮಿಲಿಮೀಟರು ಉದ್ದವುಳ್ಳದ್ದು. ೧೦೧೮೦ ಎಂಬುದು ಅಷ್ಟೇ ಅಡ್ಡಳತೆಯದಾಗಿ ೧೮ ಮಿಲಿಮೀಟರು ಮಾತ್ರ ಉದ್ದವಿರುವುದು. ಕೊನೆಯ ಸೊನ್ನೆ ಕೊಳವೆಯಾಕಾರದ ಸೂಚನೆ. ಅಂಗಡಿಯ ಸಣ್ಣ ಪೆನ್ಸಿಲ್ ಶೆಲ್ಲಿಗೆ, ಅಂದರೆ ಮೂರು ಎ ಗುರುತಿನದಕ್ಕೆ, ಆರ್ ೦೩ ಎಂದೂ, ದೊಡ್ಡ ಪೆನ್ಸಿಲ್ ಶೆಲ್ಲಿಗೆ, ಅಂದರೆ ಎರಡು ಎ ಗುರುತಿನದಕ್ಕೆ, ಆರ್ ೬ ಎಂದೂ, ಹಳೆಯ ಬ್ಯಾಟರಿಯ ದಪ್ಪ ಶೆಲ್ಲಿಗೆ ಆರ್ ೨೦ ಎಂದೂ ಹೆಸರು. ಮುಂದೆ ಎಲ್ ಅಕ್ಷರವಿದ್ದರೆ ಅದು ಕ್ಷಾರಕೋಶ.

ಗಾತ್ರದಲ್ಲಿ ಕಣ್ಣು ಮೋಸಹೋಗುವ ಬಗೆಯನ್ನು ಗಮನಿಸಬೇಕು. ಸಣ್ಣ ಪೆನ್ಸಿಲ್ ಶೆಲ್ಲು ೪೪.೫ ಮಿಲಿಮೀಟರು ಉದ್ದ, ೧೦.೫ ಅಡ್ಡಳತೆ, ದೊಡ್ಡದು ೫೦.೫ ಉದ್ದ, ೧೪.೫ ಅಡ್ಡಳತೆ. ನೋಟಕ್ಕೆ ಅಂತರ ಅಲ್ಪ. ಆದರೆ ಗಣಿತ ಮಾಡಿದರೆ ದೊಡ್ಡದರ ಘನ ಪ್ರಮಾಣ ಸಣ್ಣದರ ಎರಡರಷ್ಟಕ್ಕಿಂತಲೂ ಹೆಚ್ಚು. ತೂಕವೂ ಸುಮಾರು ೧೧ ಗ್ರಾಮಿನಿಂದ ೨೩ ಗ್ರಾಮಿಗೆ ಏರುವುದು. ಕ್ಷಾರಕೋಶಗಳಲ್ಲಿ ಸಣ್ಣದು ಸುಮಾರು ೧,೦೦೦ ಮಿಲಿಆಂಪಿಯರ್-ಗಂಟೆಗಳನ್ನೂ, ದೊಡ್ಡದು ಸುಮಾರು ೨,೦೦೦ದಿಂದ ೨,೫೦೦ರವರೆಗೂ ಹಿಡಿಯುವುದು. ಕ್ಷಾರವಲ್ಲದ ಅಗ್ಗದ ಆರ್ ೦೩ರಲ್ಲಿ ಇದರ ಅರ್ಧವೇ ಇರುವುದು. ಸಿ.ಆರ್. ೨೦೩೨ರ ತೂಕ ೩ ಗ್ರಾಮು, ಒತ್ತಡ ೩ ವೋಲ್ಟು, ಸಂಗ್ರಹ ಸುಮಾರು ೨೨೦. ೧೦೧೮೦ರಲ್ಲಿ ಸುಮಾರು ೮೦ ಮಾತ್ರ. ಒತ್ತಡದ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ನಾಣ್ಯದಂತಹ ೨೦೩೨ರಲ್ಲಿರುವ ಶಕ್ತಿಯು ಸಣ್ಣ ಪೆನ್ಸಿಲ್ ಕ್ಷಾರಕೋಶದ ಸುಮಾರು ಅರ್ಧ. ೧೦೧೮೦ರದು ಅದರ ಕಾಲು ಪಾಲಿಗಿಂತಲೂ ಕಡಮೆ.

೫

ಹಾಗಾದರೆ ಆಯ್ಕೆ ಹೇಗೆ? ಮನೆಯ ಕೀಲಿಯ ತೂತನ್ನು ಹುಡುಕುವುದು, ಬಸ್ಸಿನ ಚೀಟಿಯನ್ನು ಓದುವುದು ಇಂತಹ ಕ್ಷಣದ ಕೆಲಸಕ್ಕೆ ನಾಣ್ಯಕೋಶದ ದೀಪ ಸಾಕು. ಬಿಳಿಯ ಡಯೋಡಿಗೆ ಸುಮಾರು ೩ ವೋಲ್ಟು ಬೇಕಾಗುವುದರಿಂದ ಈ ಕೋಶವು ಬೇರೆ ಯಂತ್ರಾಂಶವಿಲ್ಲದೆ ಅದನ್ನು ಬೆಳಗಿಸುವುದು. ಆದುದರಿಂದಲೇ ಈ ದೀಪಗಳು ಇಷ್ಟು ತೆಳ್ಳಗಿರುವುವು. ಆದರೆ ಉರಿದಂತೆ ಬೆಳಕು ಕ್ರಮವಾಗಿ ಕುಂದುವುದು. ಇನ್ನೊಂದು ಎಚ್ಚರಿಕೆ ಅವಶ್ಯ: ಈ ಕೋಶವನ್ನು ಮಗು ನುಂಗಿದರೆ ಎರಡು ಗಂಟೆಗಳೊಳಗೆ ಅನ್ನನಾಳವನ್ನು ಸುಡಬಲ್ಲದು. ತಿರುಪಿನ ಮುಚ್ಚಳವಿಲ್ಲದ ದೀಪವನ್ನು ಮಕ್ಕಳಿರುವ ಮನೆಗೆ ತರಬಾರದು.

ರಾತ್ರಿ ಗುಡ್ಡವನ್ನು ಹತ್ತಿಳಿಯುವವನಿಗೆ ಸಣ್ಣ ಪೆನ್ಸಿಲ್ ಶೆಲ್ಲಿನ ದೀಪವೇ ತಕ್ಕದ್ದು. ಇದರಲ್ಲಿ ೧.೫ ವೋಲ್ಟನ್ನು ಏರಿಸುವ ಪುಟ್ಟ ಮಂಡಲವಿರಬೇಕಾಗುವುದರಿಂದ ಬೆಲೆ ತುಸು ಹೆಚ್ಚಾದರೂ, ಶೆಲ್ಲು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ದೊರೆಯುವುದು. ದೊಡ್ಡ ಪೆನ್ಸಿಲ್ ಶೆಲ್ಲಿನದು ಹೆಚ್ಚು ಬಾಳುವುದು ದಿಟ. ಆದರೆ ಕೀಲಿಕೈಗೆ ಭಾರವಾಗಿ ಮನೆಯ ಗೂಟದ ಮೇಲೆಯೇ ಉಳಿದರೆ ಅದರ ಸಂಗ್ರಹದಿಂದ ಪ್ರಯೋಜನವೇನು? ೧೦೧೮೦ದಂತಹ ಅಥವಾ ಒಳಗೇ ಕೂಡಿಸಿದ ಮರುತುಂಬುವ ಕೋಶದ ದೀಪಗಳು ಪ್ರಖರವಾಗಿಯೂ ಕಿರಿದಾಗಿಯೂ ಇರುವುವು. ದಿನವೂ ವಿದ್ಯುತ್ತು ಕೈಗೆಟಕುವ ಪಟ್ಟಣಿಗನಿಗೆ ಇವು ಒಪ್ಪುವುವು. ಆದರೆ ಅವುಗಳಲ್ಲಿ ತೆಗೆಯಲಾಗದ ಕೋಶವುಳ್ಳವು ಬಾಯಿ ಬೆಸೆದ ಬುಡ್ಡಿಗಳು. ಕೋಶವು ಮುಪ್ಪಾದರೆ ದೀಪವೇ ಮುಗಿಯಿತು. ೧೦೪೪೦ ಕೋಶವು ಸಣ್ಣ ಪೆನ್ಸಿಲ್ ಶೆಲ್ಲಿನ ಮನೆಯಲ್ಲಿ ಸರಿಯಾಗಿ ಕೂರುವುದೆಂದು ನಂಬಿ ಹಾಕುವವರುಂಟು. ಅದರ ಒತ್ತಡ ೩.೭ ವೋಲ್ಟು. ಅದಕ್ಕಾಗಿ ರಚಿಸದ ದೀಪವು ಕಾದು ಕೆಡುವುದು. ಪಾತ್ರೆ ಒಂದೇ ಅಳತೆಯದಾದ ಮಾತ್ರಕ್ಕೆ ಎಣ್ಣೆ ಒಂದೇ ಆಗಲಾರದು. ಬರಿದಾದ ಶೆಲ್ಲನ್ನು ಒಳಗೇ ಬಿಟ್ಟರೆ ಅದು ಸೋರಿ ದೀಪವನ್ನು ಕೆಡಿಸುವುದೆಂಬುದನ್ನೂ ನೆನಪಿನಲ್ಲಿಡತಕ್ಕದ್ದು.

ಈಗ ಎಲ್ಲರ ಕೈಯಲ್ಲಿಯೂ ಬೆಳಕುಳ್ಳ ದೂರವಾಣಿಯಿರುವಾಗ ಇದೆಲ್ಲವೇಕೆಂದು ಕೇಳಬಹುದು. ದೂರವಾಣಿಯ ಒಂದೇ ಬುಡ್ಡಿಯಿಂದ ಮಾತು, ಚಿತ್ರ, ದಾರಿ, ಹಣ, ಬೆಳಕು ಎಲ್ಲವೂ ನಡೆಯಬೇಕು. ಜಾತ್ರೆಯ ಜಂಗುಳಿಯಲ್ಲಿ ಮಗುವೋ ಮುದುಕಿಯೋ ತಪ್ಪಿಹೋದ ಹೊತ್ತಿನಲ್ಲಿ, ಹುಡುಕುವ ಬೆಳಕಿಗೂ ಕೂಗಿ ಕರೆಯುವ ಮಾತಿಗೂ ಒಂದೇ ಎಣ್ಣೆಯನ್ನು ಹಂಚಬೇಕಾದರೆ ಎರಡೂ ಕೆಡುವುವು. ಬೆಳಕಿಗೆ ಬೇರೆ ಬುಡ್ಡಿಯಿರಲೆಂಬುದೇ ವಿವೇಕ.

ದಿವಟಿಯೊಡನೆ ಬುಧಲಿಯನ್ನು ಪೂಜಿಸಿದವರು, ಸೊಡರೆಣ್ಣೆಯ ಅಳತೆಯನ್ನು ಕಲ್ಲಿನಲ್ಲಿ ಕೊರೆಯಿಸಿದವರು, ಟಾರ್ಚಿಗೆ ಬ್ಯಾಟರಿಯೆಂದ ಹಳ್ಳಿಗರು, ಈ ಮೂವರೂ ಹೇಳಿದುದು ಒಂದೇ ಮಾತು. ನಿಘಂಟುಕಾರರು ಬ್ಯಾಟರಿ ಶಬ್ದಕ್ಕೆ ಕೈದೀಪವೆಂಬ ಅರ್ಥವನ್ನು ಗ್ರಾಮ್ಯವೆಂದು ತಳ್ಳದೆ, ಬುಡ್ಡಿಯ ಪಕ್ಕದಲ್ಲಿ ಗೌರವದಿಂದ ಬರೆದುಕೊಳ್ಳುವುದು ಯುಕ್ತವೆಂದು ತೋರುವುದು.