ಮೂರು ಗಂಟೆಯ ಪಾಠಶಾಲೆ

ಯಳಂದೂರಿಗೂ ಕೊಳ್ಳೇಗಾಲಕ್ಕೂ ನಡುವಣ ದೂರ ಸುಮಾರು ಹತ್ತು ಮೈಲಿ. ಎರಡೆಡೆಯೂ ಜನರ ಮಾತು ಕನ್ನಡ. ಬಿಳಿಗಿರಿರಂಗನಿಗೂ ಮಲೆಯ ಮಾದಪ್ಪನಿಗೂ ಹರಕೆ ಹೊರುವ ಭಕ್ತರು ಎರಡೆಡೆಯೂ ಉಂಟು. ಆದರೆ 1956ನೆಯ ಇಸವಿಯ ನವೆಂಬರ್ 1ರವರೆಗೆ ಈ ಹತ್ತು ಮೈಲಿಯ ನಡುವೆ ರಾಜ್ಯದ ಗಡಿಯೊಂದು ಹಾದುಹೋಗಿದ್ದಿತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಯಳಂದೂರು ಮೈಸೂರಿಗೆ ಸೇರಿದುದು. ಕೊಳ್ಳೇಗಾಲವೂ, ಆಗ ಅದೇ ತಾಲ್ಲೂಕಿನೊಳಗಿದ್ದ ಹನೂರೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದವು. ಈ ಗಡಿಯಿಂದ ಮಕ್ಕಳ ವಿದ್ಯಾಭ್ಯಾಸಕ್ಕೆ ಒದಗಿದ ಭೇದವು ಎಂತಹುದೆಂಬುದನ್ನು 1953ನೆಯ ಇಸವಿಯ ವೃತ್ತಾಂತವು ಚೆನ್ನಾಗಿ ತಿಳಿಸುವುದು.

ಆಗ ಮದರಾಸಿನ ಮುಖ್ಯಮಂತ್ರಿಗಳಾಗಿದ್ದವರು ಚಕ್ರವರ್ತಿ ರಾಜಗೋಪಾಲಾಚಾರ್ಯರು. ಹದಿನಾಲ್ಕು ವರ್ಷ ವಯಸ್ಸಿನವರೆಗಿನ ಮಕ್ಕಳಿಗೆಲ್ಲ ಹತ್ತು ವರ್ಷಗಳೊಳಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ಒದಗಿಸಲು ಯತ್ನಿಸಬೇಕೆಂದು ನೂತನ ಸಂವಿಧಾನವು ವಿಧಿಸಿದ್ದಿತು. ಶಾಲೆಯ ಮೆಟ್ಟಿಲು ಹತ್ತದ ಮಕ್ಕಳೋ ಅಸಂಖ್ಯ; ಬೊಕ್ಕಸದಲ್ಲಿ ಹಣ ಸಾಲದು; ಉಪಾಧ್ಯಾಯರೂ ಸಾಲರು. ಈ ತೊಡಕನ್ನು ಬಿಡಿಸಲು ಆಚಾರ್ಯರು ಒಂದು ಉಪಾಯವನ್ನು ಕಂಡುಕೊಂಡರು. ದಿನಕ್ಕೆ ಐದು ಗಂಟೆಗಳಿದ್ದ ಪಾಠವನ್ನು ಮೂರು ಗಂಟೆಗಳಿಗೆ ಇಳಿಸುವುದು. ಮಕ್ಕಳನ್ನು ಎರಡು ತಂಡಗಳಾಗಿ ಮಾಡಿ, ಅದೇ ಕಟ್ಟಡದಲ್ಲಿ ಅದೇ ಉಪಾಧ್ಯಾಯರಿಂದ ಒಂದು ತಂಡದ ಬಳಿಕ ಮತ್ತೊಂದಕ್ಕೆ ಪಾಠ ಹೇಳಿಸುವುದು. ಉಳಿದ ಹೊತ್ತಿನಲ್ಲಿ ಬಾಲಕನು ಮನೆಯಲ್ಲಿ ತಂದೆಯ ಕಸುಬನ್ನು ಕಲಿಯುವುದು. 1953ರ ಜೂನ್ ತಿಂಗಳಲ್ಲಿ, ಪಟ್ಟಣಗಳನ್ನು ಬಿಟ್ಟು ಗ್ರಾಮಗಳ ಪ್ರಾಥಮಿಕ ಶಾಲೆಗಳಲ್ಲಿ ಈ ಕ್ರಮವು ಜಾರಿಗೆ ಬಂದಿತು.

ಅದರ ಪರಿಣಾಮವನ್ನು ವಾಚಕರು ಊಹಿಸಿಕೊಳ್ಳಬಹುದು. ಹೊನ್ನುಹೊಳೆಯ ದಡದ ಯಳಂದೂರಿನ ಬಾಲಕನಿಗೆ ಮೈಸೂರು ಸರಕಾರದ ಶಾಲೆಯಲ್ಲಿ ಹಿಂದಿನ ವೇಳೆಯೇ ನಡೆಯುತ್ತಿದ್ದರೆ, ಅವನದೇ ಭಾಷೆಯನ್ನಾಡುವ ಹನೂರಿನ ಕಡೆಯ ಹಳ್ಳಿಯ ಬಾಲಕನಿಗೆ ಮೂರು ಗಂಟೆಯ ಪಾಠವೇ ವಿಧಿಯಾಯಿತು. ಒಬ್ಬನ ತಂದೆಯೂ ಇದನ್ನು ಕೇಳಿದವನಲ್ಲ, ಇನ್ನೊಬ್ಬನ ತಂದೆಯೂ ಇದನ್ನು ಬೇಡವೆಂದವನಲ್ಲ. ಗಡಿಯೇ ಅವರಿಬ್ಬರ ಪರವಾಗಿ ತೀರ್ಮಾನಿಸಿತು.

ಯೋಜನೆಯಲ್ಲಿ ಸಾರವೇ ಇರಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ಕೈಗೆಲಸವನ್ನು ಹೀನವೆಂದು ತಿಳಿಯುವ ವಿದ್ಯೆಯು ಅರೆವಿದ್ಯೆಯೇ ಸರಿ. ಕೊಳ್ಳೇಗಾಲದ ರೇಷ್ಮೆಯ ಕೀರ್ತಿಯನ್ನು ನಾಡಿನಲ್ಲಿ ಹರಡಿದುದು ಮಗ್ಗದ ಮುಂದೆ ಕುಳಿತ ಕೈಗಳೇ ಅಲ್ಲದೆ ಪರೀಕ್ಷೆಯ ಪ್ರಶಸ್ತಿಪತ್ರಗಳಲ್ಲ. ಹಿಪ್ಪುನೇರಳೆಯ ಸೊಪ್ಪು ಕೊಯ್ಯುವುದು, ಹುಳು ಸಾಕುವುದು, ಗೂಡು ಬಿಡಿಸುವುದು, ಇವೆಲ್ಲ ಈ ಸೀಮೆಯ ಮಕ್ಕಳು ತಾಯಿತಂದೆಗಳ ಮಗ್ಗುಲಲ್ಲೇ ಕಲಿತ ವಿದ್ಯೆಗಳು. ಮಹಾತ್ಮಾ ಗಾಂಧಿಯವರೂ 1937ರ ವಾರ್ಧಾ ಶಿಕ್ಷಣಕ್ರಮದಲ್ಲಿ ಕಸುಬಿಗೆ ಅಗ್ರಸ್ಥಾನವನ್ನಿತ್ತಿದ್ದರು.

ಆದರೆ ಎರಡಕ್ಕೂ ಒಂದು ಮುಖ್ಯವಾದ ಅಂತರವುಂಟು. ವಾರ್ಧಾ ಕ್ರಮದಲ್ಲಿ ಕಸುಬು ಶಾಲೆಯೊಳಗೆ ಬಂದಿತು. ಗುರುವಿನ ಕಣ್ಣೆದುರಿನಲ್ಲಿ, ಯಾವ ಕುಲದ ಬಾಲಕನೇ ಆಗಲಿ, ನೂಲುವುದನ್ನೋ ನೇಯುವುದನ್ನೋ ಕಲಿಯಬಹುದಾಗಿದ್ದಿತು. ಮದರಾಸಿನ ಕ್ರಮದಲ್ಲಿ ಬಾಲಕನೇ ಶಾಲೆಯಿಂದ ಹೊರಗೆ ಹೋದನು, ಹೋಗಿ ತಂದೆಯ ಕಸುಬಿನ ಬಳಿ ನಿಂತನು. ನೇಕಾರನ ಮಗನಿಗೆ ಮಗ್ಗವಾದರೂ ಉಂಟು. ಕುಂಬಾರನ ಮಗನಿಗೆ ತಿಗುರಿಯಾದರೂ ಉಂಟು. ಪರರ ಹೊಲದಲ್ಲಿ ಕೂಲಿ ಮಾಡುವವನ ಮಗನಿಗೆ ಉಳಿಯುವ ಕಸುಬು ಯಾವುದು? ಊರಿನ ಹೊಲಸನ್ನು ಹೊರುವಂತೆ ಸಮಾಜವು ಯಾರನ್ನು ನಿಯಮಿಸಿತ್ತೋ ಅವರ ಮಗನು ಮಧ್ಯಾಹ್ನದಲ್ಲಿ ಕಲಿಯತಕ್ಕುದೇನು? ಕುಲಕ್ಕೆ ಮೀರಿದ ವಿದ್ಯೆಯನ್ನು ಬಯಸಿದ ಏಕಲವ್ಯನು ಹೆಬ್ಬೆರಳನ್ನು ತೆತ್ತ ಕಥೆಯನ್ನು ಎಲ್ಲರೂ ಬಲ್ಲರು. ಮಹಾಭಾರತವನ್ನು ಸರಳವಾಗಿ ಬರೆದು ಮನೆಮನೆಗೂ ಮುಟ್ಟಿಸಿದ ಆಚಾರ್ಯರಿಗೆ ಆ ಕಥೆಯು ಅಪರಿಚಿತವಲ್ಲ. ಆದುದರಿಂದಲೇ ವಿರೋಧಿಗಳು ಇದನ್ನು ‘ಕುಲಶಿಕ್ಷಣ ಯೋಜನೆ’ ಎಂದು ಕರೆದರು. ಆ ಹೆಸರೇ ನಿಂತಿತು.

ವಿರೋಧವು ಬಹು ದಿಕ್ಕುಗಳಿಂದ ಎದ್ದಿತು. ಪೆರಿಯಾರ್ ರಾಮಸ್ವಾಮಿಯವರ ದ್ರಾವಿಡ ಕಳಗವೂ, ಅಣ್ಣಾದುರೈಯವರ ದ್ರಾವಿಡ ಮುನ್ನೇತ್ರ ಕಳಗವೂ ಬೀದಿಗಿಳಿದು ಪ್ರತಿಭಟಿಸಿದವು. ಕಾಂಗ್ರೆಸ್ಸಿನೊಳಗೇ ಕಾಮರಾಜರ ಕಡೆಯವರಿಗೆ ಅದು ಸಮ್ಮತವಾಗಲಿಲ್ಲ. ಐದು ಗಂಟೆ ಪಾಠ ಹೇಳುತ್ತಿದ್ದ ಉಪಾಧ್ಯಾಯನಿಗೆ ಎರಡು ತಂಡಗಳಿಂದ ಆರು ಗಂಟೆಯ ಪಾಠವಾಯಿತೆಂಬುದೂ ಅಲ್ಪ ವಿಷಯವಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಜನರನ್ನು ನೋಯಿಸಿದುದು, ಇಷ್ಟು ದೊಡ್ಡ ಮಾರ್ಪಾಡನ್ನು ಶಾಸನಸಭೆಯನ್ನು ಮೊದಲು ಕೇಳದೆಯೇ ತಂದುದು. 1953ರ ಜುಲೈ 29ರಂದು ಯೋಜನೆಯನ್ನು ಕೈಬಿಡಬೇಕೆಂಬ ಸೂಚನೆಗೆ ಸಭೆಯಲ್ಲಿ ಪರವಾಗಿ 138, ವಿರುದ್ಧವಾಗಿ 138 ಮತಗಳು ಬಿದ್ದವು. ಸಭಾಧ್ಯಕ್ಷರ ನಿರ್ಣಾಯಕ ಮತದಿಂದ ಅದು ಬಿದ್ದುಹೋಯಿತು. ಆದರೆ ಯೋಜನೆಯನ್ನು ತಡೆಹಿಡಿದು ತಜ್ಞರಿಂದ ಪರಿಶೀಲಿಸಬೇಕೆಂಬ ಮತ್ತೊಂದು ಸೂಚನೆಯು 139ಕ್ಕೆ 137ರಂತೆ ಗೆದ್ದಿತು. ಆ ಬಳಿಕ ನೇಮಕವಾದ ಪರುಳೇಕರ್ ಸಮಿತಿಯು ಯೋಜನೆಯನ್ನು ಸಮರ್ಥಿಸಿ ವರದಿಯನ್ನೊಪ್ಪಿಸಿತು. ಪಂಡಿತರು ಒಪ್ಪಿದರೂ ಜನರು ಒಪ್ಪಲಿಲ್ಲ. 1954ರ ಏಪ್ರಿಲ್ 13ರಂದು ರಾಜಗೋಪಾಲಾಚಾರ್ಯರ ಸ್ಥಾನಕ್ಕೆ ಕಾಮರಾಜರು ಬಂದರು. ಮೇ 18ರಂದು ವಿದ್ಯಾಮಂತ್ರಿ ಸಿ. ಸುಬ್ರಹ್ಮಣ್ಯಂ ಅವರು ಯೋಜನೆಯನ್ನು ಕೈಬಿಟ್ಟುದಾಗಿ ಸಾರಿದರು. ಒಂದು ವರ್ಷ ತುಂಬುವ ಮೊದಲೇ ಅದರ ಕಥೆ ಮುಗಿಯಿತು.

ಯೋಜನೆ ಅಳಿದರೂ ಅದು ಎದುರಿಸಹೊರಟ ಸಮಸ್ಯೆಯು ಅಳಿಯಲಿಲ್ಲ. ಶಾಲೆಯ ಹೊರಗಿದ್ದ ಮಗುವು ಹೊರಗೇ ಇದ್ದಿತು. ಕಾಮರಾಜರ ಸರಕಾರವು ಪಾಠದ ಹೊತ್ತನ್ನು ಕಡಿಮೆ ಮಾಡುವುದಕ್ಕೆ ಬದಲಾಗಿ ಶಾಲೆಗಳನ್ನು ಹೆಚ್ಚಿಸಿ, ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಏರ್ಪಡಿಸುವ ಮಾರ್ಗವನ್ನು ಹಿಡಿಯಿತು. ಕೊಳ್ಳೇಗಾಲವು ಅಷ್ಟರಲ್ಲಿ ಮೈಸೂರಿಗೆ ಸೇರಿ, 1961ರ ಮೈಸೂರು ಕಡ್ಡಾಯ ಪ್ರಾಥಮಿಕ ಶಿಕ್ಷಣ ಶಾಸನದ ಕಾಲಕ್ಕೆ ಹೊನ್ನುಹೊಳೆಯ ಸೀಮೆಯ ಮಕ್ಕಳಿಗೆಲ್ಲ ಒಂದೇ ಕಾನೂನಾಯಿತು. ಇಂದು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಒಂದೇ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು.

ರಾಜಗೋಪಾಲಾಚಾರ್ಯರಂತಹ ಮೇಧಾವಿಗಳು, ಸದುದ್ದೇಶದಿಂದಲೇ ಕೈಗೊಂಡ ಕಾರ್ಯವು ಹೀಗೇಕಾಯಿತೆಂದು ಯೋಚಿಸಿದರೆ, ಕಾರಣವು ದೂರದಲ್ಲಿಲ್ಲ. ಬಡತನದಲ್ಲಿ ಬೆಂದ ತಂದೆಯು ಮಗನನ್ನು ಶಾಲೆಗೆ ಕಳುಹಿಸುವುದು ತನ್ನ ಕಸುಬನ್ನು ಕಲಿಸುವುದಕ್ಕಲ್ಲ. ಅದನ್ನು ಕಲಿಸಲು ಅವನೇ ಸಾಕು. ತನಗೆ ತಿಳಿಯದುದನ್ನು ಮಗನಾದರೂ ತಿಳಿಯಲೆಂಬ ಒಂದೇ ಆಸೆಯಿಂದ, ದುಡಿಯಬಲ್ಲ ಎರಡು ಕೈಗಳನ್ನು ಅವನು ಶಾಲೆಗೆ ಬಿಟ್ಟುಕೊಡುತ್ತಾನೆ. ಆ ಕೈಗಳನ್ನು ಮಧ್ಯಾಹ್ನದಲ್ಲಿ ಹಿಂದಕ್ಕೆ ಕಳುಹಿಸಿದ ಸರಕಾರವು, ಅವನು ಮಾಡಿದ ತ್ಯಾಗವನ್ನೇ ಹಿಂದಿರುಗಿಸಿದಂತಾಯಿತು. ಶಾಲೆಯನ್ನು ತಿದ್ದಹೊರಟವರು ಮೊದಲು ಆ ತಂದೆಯ ಜಗುಲಿಯ ಮೇಲೆ ಕುಳಿತು ಅವನ ಮಾತನ್ನು ಕೇಳತಕ್ಕುದು.