ಬಾಯಿ ಬಿದ್ದ ಮೇಲೆ: ಮಾತಿನ ಚಿಕಿತ್ಸೆಯ ಚರಿತ್ರೆ, ಮೈಸೂರಿನಿಂದ ಖರಾಡಿಯವರೆಗೆ

ಕಳೆದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ನಮ್ಮ ಮಾವನವರು ಖರಾಡಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಕುಳಿತಿದ್ದರು. ರಾಣೆಬೆನ್ನೂರಿನಿಂದ ಬಂದು ಎರಡು ತಿಂಗಳಾಗಿತ್ತು. ಅತ್ತೆ ಚಹಾ ತಂದುಕೊಟ್ಟರೆ ಕಪ್ಪು ಕೈಯಿಂದ ಜಾರಿತು. "ಏನಾತ್ರಿ ನಿಮಗ?" ಎಂದು ಅತ್ತೆ ಕೇಳಿದರೆ ಉತ್ತರವಿಲ್ಲ. ಬಾಯಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು ಅವರು. ಆ ಸಂಜೆಯೇ ಊರಿನಿಂದ ಫೋನುಗಳು ಶುರುವಾದವು. "ಬಾಯಿ ಬಿದ್ದೈತಂತಲ್ಲ" ಎಂದು ಎಲ್ಲರೂ ಕೇಳಿದರು. ಕೇಳುವಾಗಲೇ ಅವರ ದನಿಯಲ್ಲಿ ಇನ್ನು ಮುಗಿಯಿತು ಎಂಬ ಭಾವ ಇತ್ತು.

ಮಹಿಳಾ ವೇದಿಕೆಯ ಇ-ಸಂಚಿಕೆಗೆ ಚರಿತ್ರೆಯ ಲೇಖನ ಬೇಕು ಎಂದಾಗ ರಾಣಿಯರ ಬಗ್ಗೆ ಬರೆಯಬೇಕೆಂದಿದ್ದೆ. ಆದರೆ ಈ ಒಂದು ವರ್ಷದಲ್ಲಿ ನಾನು ರಾತ್ರಿ ಕೂತು ಓದಿದ್ದೆಲ್ಲ ಮಾತಿನ ಚಿಕಿತ್ಸೆಯ ಚರಿತ್ರೆಯನ್ನೇ. ಹಿರಿಯರನ್ನು ಊರಿನಿಂದ ಕರೆತಂದು ಇಟ್ಟುಕೊಂಡಿರುವ ಮನೆಗಳು ನಮ್ಮ ಸಂಘದಲ್ಲಿ ಎಷ್ಟಿವೆಯೋ! ಅವರಿಗೆಲ್ಲ ಇದು ಉಪಯೋಗಕ್ಕೆ ಬರಬಹುದು ಎನಿಸಿತು.

ಆಸ್ಪತ್ರೆಯಲ್ಲಿ ಮಾವನವರ ಪ್ರಾಣ ಉಳಿಸಿದರು, ಅದಕ್ಕೆ ನಾವು ಋಣಿ. ಮೂರನೇ ದಿನ ಒಬ್ಬ ಹುಡುಗಿ ಚಿತ್ರದ ಕಾರ್ಡುಗಳನ್ನು ಹಿಡಿದು ಬಂದಳು. "ಯೇ ಕ್ಯಾ ಹೈ, ಅಂಕಲ್?" ಮಾವನವರು ಸೇಬಿನ ಚಿತ್ರವನ್ನೂ ಅವಳ ಮುಖವನ್ನೂ ನೋಡಿ ತಲೆ ತಗ್ಗಿಸಿದರು. ಹತ್ತು ಕಾರ್ಡಿಗೂ ಅಷ್ಟೇ. ತೀವ್ರ ಸ್ವರೂಪದ ಅಫೇಸಿಯಾ ಎಂದು ಫೈಲಿನಲ್ಲಿ ಬರೆದುಹೋದಳು. ಮನೆಗೆ ಬಂದ ಮೇಲೆ ಒಂದು ದಿನ ಅತ್ತೆ ಬೇಸರಕ್ಕೋ ಏನೋ, ಅವರ ಪಕ್ಕ ಕೂತು "ಎರಡೊಂದ್ಲೆ ಎರಡು, ಎರಡೆರಡ್ಲೆ ನಾಕು" ಎಂದು ಮಗ್ಗಿ ಶುರುಮಾಡಿದರು. ಮಾವನವರು "ಎರಡ್ಮೂರ್ಲೆ ಆರು" ಎಂದು ಹಿಡಿದವರು ಇಪ್ಪತ್ತರವರೆಗೆ ನಿಲ್ಲಲಿಲ್ಲ. ನಾನು ಮೀಟಿಂಗಿನಲ್ಲಿದ್ದೆ, ಮ್ಯೂಟ್ ಮಾಡಿ ಓಡಿಬಂದೆ. ಆದರೆ "ನಿಮ್ಮ ಹೆಸರೇನ್ರಿ?" ಎಂದು ಕೇಳಿದರೆ ಮತ್ತೆ ಮೌನ.

ಇದು ಪವಾಡ ಅಲ್ಲವೆಂದು ಆಮೇಲೆ ತಿಳಿಯಿತು. 19ನೇ ಶತಮಾನದಲ್ಲೇ ಲಂಡನ್ನಿನ ವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಇದನ್ನು ಗಮನಿಸಿದ್ದ. ಹೊಸದಾಗಿ ಒಂದು ವಾಕ್ಯ ಕಟ್ಟಲಾಗದವರು ಕೂಡ ಬಾಯಿಪಾಠವಾದದ್ದನ್ನು, ಬೈಗುಳವನ್ನು, ಪ್ರಾರ್ಥನೆಯನ್ನು ಸರಾಗವಾಗಿ ಹೇಳಬಲ್ಲರು. ಅದಕ್ಕೂ ಮೊದಲು 1861ರಲ್ಲಿ ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ನೋಡಿದ. ಆತ ಏನು ಕೇಳಿದರೂ "ಟಾನ್, ಟಾನ್" ಎನ್ನುತ್ತಿದ್ದ. ಆತ ತೀರಿಕೊಂಡ ಮೇಲೆ ಮೆದುಳು ನೋಡಿದರೆ ಎಡಭಾಗದ ಮುಂದಿನ ಒಂದು ಜಾಗ ಹಾಳಾಗಿತ್ತು. ಮಾತಿಗೆ ಮೆದುಳಿನಲ್ಲಿ ಒಂದು ಜಾಗವಿದೆ ಎಂಬ ತಿಳಿವಳಿಕೆ ಗಟ್ಟಿಯಾದದ್ದು ಅಲ್ಲಿಂದ. ಆದರೆ ಹೋದ ಮಾತನ್ನು ಮರಳಿ ಕಲಿಸಬಹುದು ಎಂಬ ಯೋಚನೆ ಬೆಳೆಯಲು ಎರಡು ಮಹಾಯುದ್ಧಗಳು ಬೇಕಾದವು. ತಲೆಗೆ ಗುಂಡು ತಗುಲಿ ಬದುಕುಳಿದ ಸೈನಿಕರು ಸಾವಿರಗಟ್ಟಲೆ ಇದ್ದರು, ಎಲ್ಲರೂ ಹರೆಯದವರು. ಅವರನ್ನು ಮನೆಗೆ ಕಳಿಸಿ ಕೈತೊಳೆದುಕೊಳ್ಳುವಂತಿರಲಿಲ್ಲ. ಮೊದಲ ಯುದ್ಧದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಕುರ್ಟ್ ಗೋಲ್ಡ್‌ಸ್ಟೈನ್, ಎರಡನೆಯದರಲ್ಲಿ ರಷ್ಯಾದ ಅಲೆಕ್ಸಾಂಡರ್ ಲೂರಿಯಾ ಇಂಥವರಿಗಾಗಿಯೇ ಆಸ್ಪತ್ರೆ ನಡೆಸಿದರು. ಮಾತು, ಓದು, ಗಮನ ಎಲ್ಲವನ್ನೂ ಒಟ್ಟಿಗೆ ತರಬೇತಿಗೊಳಿಸುವ ಪದ್ಧತಿಯನ್ನು ಅವರು ಬೆಳೆಸಿದರು.

ನಮ್ಮ ದೇಶಕ್ಕೆ ಈ ವಿದ್ಯೆ ಬೇರೂರಲು ಬಂದದ್ದು ಕನ್ನಡ ನಾಡಿಗೆ ಎನ್ನುವುದು ನನಗೆ ಗೊತ್ತಿರಲಿಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ವಿಚಿಟಾ ನಗರದ ಮಾರ್ಟಿನ್ ಪಾಮರ್ ಸಲಹೆಗಾರರಾಗಿ ಬಂದರು. ಅವರು ಅಲ್ಲಿ ನಡೆಸುತ್ತಿದ್ದ ಸಂಸ್ಥೆಯ ಹೆಸರು ಇನ್‌ಸ್ಟಿಟ್ಯೂಟ್ ಆಫ್ ಲೋಗೋಪೀಡಿಕ್ಸ್. 1965ರಲ್ಲಿ ಮೈಸೂರಿನಲ್ಲಿ ಶುರುವಾದ ಸಂಸ್ಥೆಗೂ ಮೊದಲು ಆ ಲೋಗೋಪೀಡಿಕ್ಸ್ ಎಂಬ ಹೆಸರೇ ಇತ್ತು. ಪುಣ್ಯಕ್ಕೆ ಬೇಗ ಬದಲಾಗಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆಯಿತು. ಈಗ ಎಲ್ಲರೂ ಆಯಿಷ್ ಎನ್ನುತ್ತಾರೆ. 1966ರ ಜುಲೈನಲ್ಲಿ ಮಾನಸಗಂಗೋತ್ರಿಯಲ್ಲಿ ಅದಕ್ಕೆ ಅಡಿಗಲ್ಲು ಹಾಕಿದವರು ರಾಷ್ಟ್ರಪತಿ ರಾಧಾಕೃಷ್ಣನ್. ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ ಮೇಷ್ಟ್ರು ಅವರು. ಮುಂಬಯಿಯ ನಾಯರ್ ಆಸ್ಪತ್ರೆಯಲ್ಲೂ ಅದೇ ದಶಕದಲ್ಲಿ ತರಬೇತಿ ಶುರುವಾಯಿತು. ದೇಶದ ಮೊದಲ ತಲೆಮಾರಿನ ವಾಕ್ ಚಿಕಿತ್ಸಕರಲ್ಲಿ ದೊಡ್ಡ ಪಾಲು ಈ ಎರಡು ಊರುಗಳಲ್ಲಿ ಕಲಿತವರು.

ಆದರೂ ನಮ್ಮ ಜನರ ಮನಸ್ಸಿನಲ್ಲಿ ಅದು ಇಂದಿಗೂ ಕಿವುಡ ಮಕ್ಕಳ ಆಸ್ಪತ್ರೆ. ಮಾತು ಬಾರದ ಮಗುವನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಎನ್ನುವವರು ಬೇಕಾದಷ್ಟಿದ್ದಾರೆ. ಮಾತು ಹೋದ ಅಜ್ಜನನ್ನು ಕರೆದುಕೊಂಡು ಹೋಗಿ ಎಂದು ನಮಗೆ ಒಬ್ಬರೂ ಹೇಳಲಿಲ್ಲ. ಕಾನೂನಿನ ಕಥೆಯೂ ಇದೇ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳ ಪಟ್ಟಿಯಿತ್ತು. ಕಿವಿಯದ್ದು ಇತ್ತು, ಮಾತಿನದು ಇರಲಿಲ್ಲ. ಪಾರ್ಶ್ವವಾಯುವಿನಿಂದ ಕೈ ಹೋದರೆ ಲೆಕ್ಕಕ್ಕೆ ಬರುತ್ತಿತ್ತು, ಮಾತು ಹೋದರೆ ಇಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿದಾಗ ಮಾತು ಮತ್ತು ಭಾಷೆಯ ವೈಕಲ್ಯ ಒಳಗೆ ಬಂತು. ಅಫೇಸಿಯಾ ಮತ್ತು ಗಂಟಲಿನ ಧ್ವನಿಪೆಟ್ಟಿಗೆ ತೆಗೆಸಿಕೊಂಡವರ ಸ್ಥಿತಿ, ಎರಡನ್ನೂ ಅದರಲ್ಲಿ ಹೆಸರಿಸಿ ಬರೆಯಲಾಗಿದೆ.

ಧ್ವನಿಪೆಟ್ಟಿಗೆಯ ಮಾತು ಬಂದಿತಲ್ಲ, ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಗಂಟಲು ಕ್ಯಾನ್ಸರಿಗೆ ಅದನ್ನು ತೆಗೆದ ಮೇಲೆ ಮತ್ತೆ ಮಾತಾಡಲು ಒಂದು ಪುಟ್ಟ ಕವಾಟ ಕೂರಿಸುತ್ತಾರೆ. ಹೊರದೇಶದ್ದಾದರೆ ಅದಕ್ಕೆ ಸಾವಿರಗಟ್ಟಲೆ ರೂಪಾಯಿ. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ವಿಶಾಲ್ ರಾವ್ ತಮ್ಮ ಉದ್ಯಮಿ ಗೆಳೆಯರೊಬ್ಬರ ಜೊತೆ ಸೇರಿ ಸುಮಾರು 50 ರೂಪಾಯಿಯ ಕವಾಟ ಮಾಡಿದರು. ಹೆಸರು 'ಓಂ'. ಎಂಟೆಕ್ ಮಾಡಿದ ನನಗೆ ಹೊಟ್ಟೆಕಿಚ್ಚಾಗುವಂಥ ಎಂಜಿನಿಯರಿಂಗ್ ಅದು.

ಈಗ ಮಾವನವರ ಕಾರ್ಡುಗಳ ವಿಷಯಕ್ಕೆ ಬರುತ್ತೇನೆ. ಹಿಂದಿಯಲ್ಲಿ ಕೇಳಿದ್ದಕ್ಕೆ ಉತ್ತರ ಬರಲಿಲ್ಲ ಎಂದರೆ ಸರಿಯಾದ ಪರೀಕ್ಷೆ ನಡೆದೇ ಇಲ್ಲ. ಇಂಗ್ಲಿಷಿನ ಪರೀಕ್ಷೆಯನ್ನು ಕನ್ನಡಕ್ಕೆ ಅನುವಾದ ಮಾಡಿದರೂ ಸಾಲದು. ಇಂಗ್ಲಿಷಿನಲ್ಲಿ ಮಾತು ಒಡೆದಾಗ ಬಿಡಿ ಬಿಡಿಯಾದ ಸಣ್ಣ ಪದಗಳು ಉದುರುತ್ತವೆ. ಕನ್ನಡದಲ್ಲಿ ಅಂಥ ಕೆಲಸವನ್ನು ಪದದ ಬಾಲವೇ ಮಾಡುತ್ತದೆ. "ಮಾರ್ಕೆಟ್ಟಿಗೆ ಹೋಗಿದ್ದಳು" ಎಂಬಲ್ಲಿ ಎಲ್ಲಿಗೆ, ಯಾವಾಗ, ಯಾರು ಎಲ್ಲವೂ ಬಾಲದಲ್ಲೇ ಇದೆ. ಅದನ್ನು ಅಳೆಯಲು ಕನ್ನಡದ್ದೇ ಅಳತೆಗೋಲು ಬೇಕು. ಅದನ್ನು ಕಟ್ಟಿದವರಲ್ಲಿ ಮುಂದೆ ನಿಂತವರು ಹೆಂಗಸರು ಎಂಬುದನ್ನು ಈ ವೇದಿಕೆಯಲ್ಲಿ ಹೇಳದಿದ್ದರೆ ಹೇಗೆ? ಪ್ರತಿಭಾ ಕಾರಂತ್ 1981ರಲ್ಲಿ ಕಾರ್ಟೆಕ್ಸ್ ಎಂಬ ಪತ್ರಿಕೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಲ್ಲ ಒಬ್ಬ ವ್ಯಕ್ತಿಯ ಬಗ್ಗೆ ಬರೆದರು. ಮೆದುಳಿನ ಪೆಟ್ಟಿನಿಂದ ಓದುವ ಶಕ್ತಿ ಹೋಗಿತ್ತು, ಬರೆಯುವುದು ಉಳಿದಿತ್ತು. ಕಾಗುಣಿತದ ಲಿಪಿಯಲ್ಲಿ ಓದು ಹೇಗೆ ಮುರಿಯುತ್ತದೆ ಎಂಬ ಪ್ರಶ್ನೆಯನ್ನು ಲೋಕದ ಮುಂದಿಟ್ಟದ್ದು ನಮ್ಮ ಅಕ್ಷರಮಾಲೆ! ಕನ್ನಡಕ್ಕೆಂದೇ ಭಾಷಾ ಪರೀಕ್ಷೆಯನ್ನೂ ಅವರು ರೂಪಿಸಿದರು. ಮುಂದೆ ಆಯಿಷ್‌ನ ಶ್ಯಾಮಲಾ ಚೆಂಗಪ್ಪ ಮತ್ತು ಜೊತೆಗಾರರು ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪ್ರಸಿದ್ಧ ಪರೀಕ್ಷೆಯನ್ನು ಕನ್ನಡಕ್ಕೆ ಒಗ್ಗಿಸಿದರು. ಅದರ ಅಂಕಿಅಂಶಗಳನ್ನು 2008ರಲ್ಲಿ ಪ್ರಕಟಿಸಿದರು.

ಎರಡು ಮೂರು ಭಾಷೆ ಬಂದರೆ ಪಾರ್ಶ್ವವಾಯುವಿನಲ್ಲಿ ಲಾಭವೋ ನಷ್ಟವೋ ಎಂದು ಪುಣೆಯ ಕನ್ನಡಿಗರು ಕೇಳಬೇಕಾದ್ದೇ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನಲ್ಲಿ 608 ಪಾರ್ಶ್ವವಾಯು ರೋಗಿಗಳನ್ನು ಪರಿಶೀಲಿಸಿ 2016ರಲ್ಲಿ ಬರೆಯಿತು. ಬುದ್ಧಿಶಕ್ತಿ ಮೊದಲಿನಂತೆಯೇ ಉಳಿದವರ ಪ್ರಮಾಣ ಒಂದೇ ಭಾಷೆಯವರಿಗಿಂತ ದ್ವಿಭಾಷಿಗಳಲ್ಲಿ ಸುಮಾರು ಎರಡು ಪಟ್ಟು ಇತ್ತು. ಆದರೆ ಅಫೇಸಿಯಾ ಬರುವ ಸಾಧ್ಯತೆ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ. ಎಷ್ಟೇ ಭಾಷೆ ಬರಲಿ, ಮಾತಿಗೆ ಕಾವಲು ಅದಲ್ಲ.

ಗಮನದ ಭಾಗಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಬೇಕು. ಮಾವನವರಿಗೆ ಮಾತಿನ ಜೊತೆ ಗಮನವೂ ಹೋಗಿತ್ತು. ಟಿವಿ ಹಾಕಿದರೆ ಎರಡು ನಿಮಿಷಕ್ಕೆ ಮುಖ ತಿರುಗಿಸುತ್ತಿದ್ದರು, ಊಟದ ನಡುವೆ ಎದ್ದು ಹೋಗುತ್ತಿದ್ದರು. ನಾವು ಹಟ ಎಂದುಕೊಂಡೆವು. ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್ ಮತ್ತು ಸಹೋದ್ಯೋಗಿಗಳು ತಲೆಗೆ ಪೆಟ್ಟಾದವರ ಗಮನಶಕ್ತಿಯನ್ನು ತರಬೇತಿಯಿಂದ ಸುಧಾರಿಸುವ ಬಗ್ಗೆ 1999ರಲ್ಲಿ ಬರೆದಿದ್ದಾರೆ. ನಗರ ರಸ್ತೆಯಲ್ಲಿ ಹೆಲ್ಮೆಟ್ಟಿಲ್ಲದೆ ಹೋಗುವ ನಮ್ಮ ಹುಡುಗರನ್ನು ನೋಡಿದಾಗ ಆ ಲೇಖನ ನೆನಪಾಗುತ್ತದೆ. ಅವರ ವಿಭಾಗದಲ್ಲಿ ಬೆಳೆದ ತರಬೇತಿಯಲ್ಲಿ ಕಂಪ್ಯೂಟರ್ ಇಲ್ಲದೆ ಮನೆಯಲ್ಲೇ ಮಾಡುವ ಕೆಲಸಗಳಿವೆ. ಅಕ್ಷರಗಳ ಸಾಲಿನಲ್ಲಿ ಹೇಳಿದ ಅಕ್ಷರವನ್ನು ಹುಡುಕಿ ಹೊಡೆದುಹಾಕುವುದು ಒಂದು. ಬೆರೆಸಿಟ್ಟ ಧಾನ್ಯಗಳನ್ನು ಬೇರೆ ಮಾಡುವುದು ಇನ್ನೊಂದು. ಅತ್ತೆಗೆ ಹೇಳಿದಾಗ ನಕ್ಕುಬಿಟ್ಟರು. "ಇದಕ್ಕ ಡಾಕ್ಟರ್ ಬೇಕೇನವಾ? ನಾವು ಜನ್ಮಪೂರ್ತಿ ಮಾಡಿದ್ದು ಇದನ್ನ." ಆದರೂ ಮರುದಿನವೇ ಹೆಸರು, ಕಡಲೆ, ಅಲಸಂದಿ ಬೆರೆಸಿ ಗಂಡನ ಮುಂದೆ ಮೊರ ಇಟ್ಟರು. ಗಂಡಸು ಮೊರ ಹಿಡಿದದ್ದು ಆ ಮನೆತನದಲ್ಲಿ ಅದೇ ಮೊದಲಿರಬೇಕು.

ಇನ್ನು ನುಂಗುವುದು. ನಾವು ತಪ್ಪಿದ್ದು ಇಲ್ಲಿ. ಡಿಸ್ಚಾರ್ಜ್ ಪತ್ರದಲ್ಲಿ ಮಾತ್ರೆಗಳಿದ್ದವು, ಫಿಸಿಯೋಥೆರಪಿ ಇತ್ತು, ನುಂಗುವ ಬಗ್ಗೆ ಒಂದು ಸಾಲಿರಲಿಲ್ಲ. ನಮಗೂ ಕೇಳಬೇಕೆಂದು ಗೊತ್ತಿರಲಿಲ್ಲ. ಸುಲಭವಾಗಲಿ ಎಂದು ದಿಂಬಿಗೆ ಒರಗಿಸಿ ಚಮಚದಲ್ಲಿ ನೀರು, ತಿಳಿಸಾರು ಕೊಡುತ್ತಿದ್ದೆವು. ಕೆಮ್ಮಿದರೆ ನೆತ್ತಿಗೆ ಹತ್ತಿತು ಎಂದು ನೆತ್ತಿ ತಟ್ಟಿ, ಯಾರೋ ನೆನೆಸುತ್ತಿದ್ದಾರೆ ಎನ್ನುತ್ತಿದ್ದೆವು. ಹತ್ತನೇ ದಿನ ಜ್ವರ, ನ್ಯುಮೋನಿಯಾ, ಮತ್ತೆ ಎಂಟು ದಿನ ಆಸ್ಪತ್ರೆ. ನೆತ್ತಿಗೆ ಹತ್ತಿದ್ದೆಲ್ಲ ಶ್ವಾಸಕೋಶಕ್ಕೆ ಇಳಿದಿತ್ತು.

ನಾವು ನುಂಗುವಾಗ ಉಸಿರು ಒಂದು ಕ್ಷಣ ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲೇರಿ ಶ್ವಾಸನಾಳ ಮುಚ್ಚಿಕೊಳ್ಳುತ್ತದೆ. ಪಾರ್ಶ್ವವಾಯುವಿನ ನಂತರ ಈ ಮುಚ್ಚುವಿಕೆ ತಡವಾಗಬಹುದು. ನೀರು ಎಲ್ಲಕ್ಕಿಂತ ವೇಗವಾಗಿ ಹರಿಯುವುದರಿಂದ ಇಂಥವರಲ್ಲಿ ಅನೇಕರಿಗೆ ನೀರೇ ಹೆಚ್ಚು ಅಪಾಯ. ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದವರಲ್ಲಿ ದೊಡ್ಡ ಹೆಸರು ಅಮೆರಿಕದ ವಾಕ್ ಚಿಕಿತ್ಸಕಿ ಜೆರಿ ಲೋಗೆಮನ್ ಅವರದು. ಬೇರಿಯಂ ಬೆರೆಸಿದ ಆಹಾರ ಕೊಟ್ಟು, ಅದು ಇಳಿಯುವುದನ್ನು ಎಕ್ಸ್‌ರೇ ವಿಡಿಯೋದಲ್ಲಿ ನೋಡುವ ಕ್ರಮವನ್ನು ಅವರು ಬೆಳೆಸಿದರು. 1983ರಲ್ಲಿ ಬಂದ ಅವರ ಪುಸ್ತಕದಿಂದ ನುಂಗುವಿಕೆ ವಾಕ್ ಚಿಕಿತ್ಸಕರ ಕೆಲಸದ ಭಾಗವೇ ಆಗಿಹೋಯಿತು. ಈಗ ಆಯಿಷ್‌ನಲ್ಲೂ ನುಂಗುವ ತೊಂದರೆಗೆ ಪ್ರತ್ಯೇಕ ಕೇಂದ್ರವಿದೆ. ಕಳೆದ ದಶಕದಲ್ಲಿ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಕ್ರಮ ಬಂದು, ಪಾನೀಯ ಮತ್ತು ಆಹಾರವನ್ನು 0ಯಿಂದ 7ರವರೆಗೆ ಹಂತ ಮಾಡಿತು. ಅಳೆಯಲು ಬೇಕಾದ್ದು ಔಷಧದಂಗಡಿಯ 10 ಮಿಲಿ ಸಿರಿಂಜು ಮಾತ್ರ. ಪೂರ್ತಿ ತುಂಬಿ, ಹತ್ತು ಸೆಕೆಂಡು ಬಿಟ್ಟು, ಎಷ್ಟು ಉಳಿಯಿತು ನೋಡಬೇಕು. 1ರಿಂದ 4 ಮಿಲಿ ಉಳಿದರೆ 1ನೇ ಹಂತ, 4ರಿಂದ 8 ಉಳಿದರೆ 2ನೆಯದು. ಸಿರಿಂಜಿನ ಉದ್ದ ಕೂಡ ಸರಿಯಾದದ್ದೇ ಆಗಬೇಕು, ಅದನ್ನು ಥೆರಪಿಸ್ಟ್ ತೋರಿಸಿಕೊಡುತ್ತಾರೆ. ಅತ್ತೆಯ ರಾಗಿ ಅಂಬಲಿಯನ್ನು ನಾನು ಒಂದು ವಾರ ಅಳೆದೆ. ಬಿಸಿ ಇದ್ದಾಗ 1, ಆರಿದಾಗ 2! ಕೊಡುವ ಹೊತ್ತಿಗೆ ಹೇಗಿದೆಯೋ ಹಾಗೇ ಅಳೆಯಬೇಕು ಎಂದು ಆಗ ಗೊತ್ತಾಯಿತು. ಯಾರಿಗೆ ಯಾವ ಹಂತ ಎಂಬುದನ್ನು ಮಾತ್ರ ಪರೀಕ್ಷಿಸಿದ ಥೆರಪಿಸ್ಟ್ ಹೇಳಬೇಕು. ನಮ್ಮ ಅಂಬಲಿ ನಿಮ್ಮ ಮನೆಗೆ ಸರಿಹೋಗದಿರಬಹುದು.

ಪುಣೆಯಲ್ಲಿ ವಾಕ್ ಚಿಕಿತ್ಸಕರಿಗೆ ಬರವಿಲ್ಲ. ಊರಿನ ಆ ತುದಿಗೆ ಭಾರತಿ ವಿದ್ಯಾಪೀಠದಲ್ಲಿ ಅದನ್ನು ಕಲಿಸುವ ಕಾಲೇಜೇ ಇದೆ. ಸಿಗುವುದು ಕಷ್ಟವಾದದ್ದು ಕನ್ನಡ ಬರುವವರು. ಕೊನೆಗೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಕೇಳಿದಾಗ ಒಬ್ಬರು ಮೈಸೂರಿನಲ್ಲಿ ಓದಿದ ಹುಡುಗಿಯ ನಂಬರು ಕೊಟ್ಟರು. 1992ರ ಕಾಯ್ದೆಯ ಪ್ರಕಾರ ವಾಕ್ ಚಿಕಿತ್ಸಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಾಯಿಸಿರಬೇಕು. ಆ ನಂಬರು ಕೇಳಿಯೇ ಶುರುಮಾಡಿದೆವು. ನೀವೂ ಕೇಳಿ, ಸಂಕೋಚ ಬೇಡ. ಮೊದಲ ದಿನ ಆಕೆ ಕನ್ನಡದ ಪರೀಕ್ಷೆ ಮಾಡಿದಾಗ ಮಾವನವರು ಹತ್ತರಲ್ಲಿ ನಾಲ್ಕು ಚಿತ್ರಗಳ ಹೆಸರು ಹೇಳಿದರು. ಆಸ್ಪತ್ರೆಯಲ್ಲಿ ಸೊನ್ನೆ ಬಂದಿದ್ದ ಮನುಷ್ಯ ಅದೇ, ನಡುವೆ ಏಳು ವಾರ ಕಳೆದಿತ್ತು. ಅದರಲ್ಲಿ ಎಷ್ಟು ಚೇತರಿಕೆಯದು, ಎಷ್ಟು ಕನ್ನಡದ್ದು ಎಂದು ಬಿಡಿಸಿ ಹೇಳಲಾಗದು ಎಂದಳು ಆಕೆ. ಹಿಂದಿಯ ಕಾರ್ಡಿನಲ್ಲಿ ಕಳೆದ ದಿನಗಳನ್ನು ನಾನು ಇನ್ನೂ ಲೆಕ್ಕ ಹಾಕುತ್ತಿರುತ್ತೇನೆ.

ಈಗ ಮಂಗಳವಾರ ಮತ್ತು ಶುಕ್ರವಾರ ಸಂಜೆ ನಾಲ್ಕಕ್ಕೆ ನನ್ನ ಲ್ಯಾಪ್‌ಟಾಪ್ ಮಾವನವರದು. ಆ ಹೊತ್ತಿಗೆ ನಾನು ಮೀಟಿಂಗ್ ಇಟ್ಟುಕೊಳ್ಳುವುದಿಲ್ಲ, ಮ್ಯಾನೇಜರಿಗೂ ಹೇಳಿದ್ದೇನೆ. ನುಂಗುವುದು ಸರಿಹೋಗಿದೆ ಎಂದು ಪರೀಕ್ಷಿಸಿ ಹೇಳಿದ ಮೇಲೆ ಚಹಾ ಮತ್ತೆ ಶುರುವಾಗಿದೆ. ಬಹಳ ದಿನ "ಸಕ್ರಿ", "ಚಾ", "ಬಿಸಿ" ಎಂಬ ಬಿಡಿ ಪದಗಳಷ್ಟೇ ಬರುತ್ತಿದ್ದವು. ಹೋದ ವಾರ ಒಂದು ಗುಟುಕು ಕುಡಿದು, ಅತ್ತೆಯತ್ತ ತಿರುಗಿ, "ಸಕ್ರಿ ಕಡಿಮಿ ಆಗೇತಿ" ಎಂದರು. ಥೆರಪಿಸ್ಟ್‌ಗೆ ಹೇಳಿದಾಗ ಆಕೆ "ಆಗೇತಿ ಅಂದ್ರಾ? ಸರಿಯಾಗಿ ಕೇಳಿದ್ರಾ?" ಎಂದು ಎರಡು ಸಲ ಕೇಳಿ ಬರೆದುಕೊಂಡಳು. ಅತ್ತೆ ಅಷ್ಟರಲ್ಲಿ ಸಕ್ಕರೆ ಡಬ್ಬಿ ತರಲು ಒಳಗೆ ಹೋಗಿದ್ದರು.